12345654321: ಒಂದು ದೊಡ್ಡ ಸಂಖ್ಯೆನ ಪೆನ್ನು ಪೇಪರಲ್ಲಿ ಪೂರ್ತಿ ಬಿಚ್ಚಿ ನೋಡೋದು ಹೇಗೆ

ವಾಟ್ಸಾಪಲ್ಲಿ ಆ ಪಿರಮಿಡ್ ಫಾರ್ವರ್ಡ್ ಎಲ್ರಿಗೂ ಬಂದಿರುತ್ತೆ, 1ರ ವರ್ಗ 1, 11ರ ವರ್ಗ 121, 111ರ ವರ್ಗ 12321, ಹಂಗೇ ಕೆಳಗಿಳ್ಕೊಂಡು ಬಂದು ಕೊನೇಲಿ "ವೇದಗಣಿತದ ಅದ್ಭುತ" ಅಂತ ಒಂದು ಲೈನು. ಆ ಸಾಲಲ್ಲಿ ಆರನೇದು 111111ರ ವರ್ಗ, ಅಂದ್ರೆ 12345654321. ಅದನ್ನ ವೇದಕ್ಕೆ ಹಚ್ಚೋ ಅವಶ್ಯಕತೆನೇ ಇಲ್ಲ, ಯಾಕಂದ್ರೆ ಈ ಸಂಖ್ಯೆನ ಬರ್ದಿಟ್ಟ ಮನುಷ್ಯಂಗೆ ಹೆಸರಿದೆ, ಕಾಲ ಇದೆ, ಅವನಿಗೆ ಆಶ್ರಯ ಕೊಟ್ಟ ರಾಜನ ಹೆಸರೂ ಗೊತ್ತಿದೆ. ಮಹಾವೀರಾಚಾರ್ಯ, ಜೈನ ಗಣಿತಜ್ಞ, ಸುಮಾರು ಕ್ರಿ.ಶ. 850, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ, ರಾಜಧಾನಿ ಮಾನ್ಯಖೇಟ ಅಂದ್ರೆ ಈಗಿನ ಕಲಬುರಗಿ ಜಿಲ್ಲೆ ಮಳಖೇಡ. ಆತನ ಗಣಿತಸಾರಸಂಗ್ರಹದಲ್ಲಿ ಈ ಸಂಖ್ಯೆನ "ಒಂದರಿಂದ ಶುರುವಾಗಿ ಆರರವರೆಗೆ ಹೋಗಿ ಆಮೇಲೆ ಕ್ರಮವಾಗಿ ಇಳಿಯೋದು" ಅನ್ನೋ ಅರ್ಥದಲ್ಲಿ ಹೇಳಿದಾನೆ. 27994681ನ 441ರಿಂದ ಗುಣಿಸಿದ್ರೆ ಇದು ಬರುತ್ತೆ, ನೋಡೋಕೆ ಎರಡೂ ಕಡೆಯಿಂದ ಒಂದೇ ತರ ಇರೋ ಹಾರ.

ಫಾರ್ವರ್ಡ್ ಮಾಡೋರು ಅಲ್ಲಿಗೇ ನಿಲ್ಲಿಸ್ತಾರೆ. ನನ್ ಪ್ರಕಾರ ಆ ಹಿಂದೆ ಮುಂದೆ ಒಂದೇ ಥರ ಓದೋ ಗುಣ ಈ ಸಂಖ್ಯೆಯ ಗುಣಗಳಲ್ಲೇ ಎಲ್ಲಕ್ಕಿಂತ ಸಾಧಾರಣವಾದದ್ದು. ಒಳಗಿರೋ ಸರಕು ಬೇರೆ, ಅದು ಕಾಣ್ಬೇಕಂದ್ರೆ ಬಿಚ್ಬೇಕು. ಹೈಸ್ಕೂಲ್ ಗಣಿತ ಸಾಕು, ಕ್ಯಾಲ್ಕುಲೇಟರ್ ಬೇಕಾದ್ರೆ ಅಂಗಡಿಲಿ ಇಡ್ತಾರಲ್ಲ ಆ 12 ಅಂಕಿದು ಇಟ್ಕೊಳ್ಳಿ, ಯಾಕೆ 12 ಅಂತ ಆಮೇಲೆ ಗೊತ್ತಾಗುತ್ತೆ. ಇದೇ ದಾರೀಲಿ ಬೇರೆ ಯಾವ ಸಂಖ್ಯೆ ಬೇಕಾದ್ರೂ ಬಿಚ್ಬೋದು, ಆದ್ರೆ ಎಲ್ಲವೂ ಇಷ್ಟು ಸಲೀಸಾಗಿ ಬಿಚ್ಕೊಳಲ್ಲ.

ಹೆಜ್ಜೆ 1: ಓದಿ, ಆಮೇಲೆ ಕಾಮಾ ತೆಗ್ದು ಬೇರೆ ಕಡೆ ಹಾಕಿ

ನಮ್ ಲೆಕ್ಕದಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಒಟ್ಟು 11 ಅಂಕಿ. ದುಡ್ಡು ಎಣಿಸೋಕೆ ಈ ಕೋಟಿ ಲಕ್ಷದ ಕಾಮಾ ಚೆನ್ನಾಗಿದೆ, ಆದ್ರೆ ಅಪವರ್ತನ ಹುಡುಕೋಕೆ ಅದು ಉಪಯೋಗಕ್ಕೆ ಬರಲ್ಲ, ಬಲಗಡೆಯಿಂದ ಮೂರು ಮೂರು ಅಂಕಿ ಗುಂಪು ಮಾಡ್ಕೊಬೇಕು: 12 | 345 | 654 | 321. ಈ ನಾಲ್ಕು ತುಂಡು ಪೇಪರ್ ಮೇಲೆ ದೊಡ್ಡದಾಗಿ ಬರ್ಕೊಳ್ಳಿ, ಮುಂದಿನ ಕೆಲಸ ಮುಕ್ಕಾಲು ಪಾಲು ಇದರಲ್ಲೇ ಆಗುತ್ತೆ.

ಹೆಜ್ಜೆ 2: ಸುಲಭದ ಪರೀಕ್ಷೆಗಳು

ಕೊನೆ ಅಂಕಿ 1, ಹಂಗಾಗಿ 2, 5 ಎರಡೂ ಔಟ್. ಅಂಕಿಗಳನ್ನ ಕೂಡಿದ್ರೆ 36, ಅದು 9ರಿಂದ ಭಾಗ ಹೋಗುತ್ತೆ ಅಂದ್ಮೇಲೆ ನಮ್ ಸಂಖ್ಯೆನೂ ಹೋಗುತ್ತೆ. ಇಲ್ಲಿ ತುಂಬಾ ಜನ ಒಂದು ಚೆಕ್ ಬಿಡ್ತಾರೆ: 9ರಿಂದ ಹೋಗುತ್ತೆ ಅಂತ ಗೊತ್ತಾದ್ರೆ ಸಾಲದು, 3 ಒಟ್ಟು ಎಷ್ಟು ಸಲ ಇದೆ ಅಂತ ಬೇಕು. ಭಾಗಿಸಿ ನೋಡಿ, 1371739369 ಬರುತ್ತೆ, ಅದರ ಅಂಕಿ ಮೊತ್ತ 49, ಇನ್ನು 3ರಿಂದ ಹೋಗಲ್ಲ. ಅಂದ್ರೆ 3 ಎರಡೇ ಸಲ, 3².

ಈಗ ಆ ನಾಲ್ಕು ತುಂಡು. 7×11×13 = 1001, ಇದು ಬಾಯಿಪಾಠ ಆಗ್ಲೇಬೇಕು. 1001 ಅಂದ್ರೆ ಸಾವಿರಕ್ಕಿಂತ ಒಂದು ಜಾಸ್ತಿ, ಹಂಗಾಗಿ ಮೂರಂಕಿ ತುಂಡುಗಳನ್ನ ಬಲಗಡೆಯಿಂದ ಒಂದು ಕೂಡಿ ಒಂದು ಕಳೆದು ಹೋದ್ರೆ ಸಿಗೋ ಉತ್ತರ 1001ರಿಂದ ಭಾಗ ಹೋದ್ರೆ ಇಡೀ ಸಂಖ್ಯೆನೂ ಹೋಗುತ್ತೆ. ಮಾಡಿ: 321 − 654 + 345 − 12 = 0. ಸೊನ್ನೆ! ಒಂದೇ ಸಾಲಲ್ಲಿ 7, 11, 13 ಮೂರೂ ಒಟ್ಟಿಗೆ ಸಿಕ್ತು.

ಅದೇ ತುಂಡುಗಳನ್ನ ಬರೀ ಕೂಡಿದ್ರೆ 999ರ ಪರೀಕ್ಷೆ, ಯಾಕಂದ್ರೆ ಅದು ಸಾವಿರಕ್ಕಿಂತ ಒಂದು ಕಮ್ಮಿ. 999 = 27×37. 321 + 654 + 345 + 12 = 1332, ಇದನ್ನೂ ತುಂಡು ಮಾಡಿ 1 + 332 = 333, ಅದು 9×37. ಸೋ 37 ಇದೆ. ಶಾಲೇಲಿ 37ಕ್ಕೆ ಪರೀಕ್ಷೆ ಇದೆ ಅಂತ ಯಾರೂ ಹೇಳ್ಕೊಡಲ್ಲ, ಆದ್ರೆ 7ಕ್ಕೆ ಹೇಳ್ಕೊಡೋ ಆ "ಕೊನೆ ಅಂಕಿ ಡಬಲ್ ಮಾಡಿ ಕಳೀರಿ" ವಿಧಾನಕ್ಕಿಂತ ಇದು ಎಷ್ಟೋ ಸುಲಭ.

ಹೆಜ್ಜೆ 3: ಕೊನೇವರೆಗೂ ಭಾಗಿಸಿ

1001ರಿಂದ ಭಾಗಿಸಿದ್ರೆ 12333321. ಇದನ್ನೂ ತುಂಡು ಮಾಡಿ, 321 − 333 + 12 = 0, ಮತ್ತೆ ಸೊನ್ನೆ, ಮತ್ತೆ 1001. ಭಾಗಿಸಿದ್ರೆ 12321 ಉಳೀತು, ಅದು 111ರ ವರ್ಗ ಅಂತ ಮೊದ್ಲೇ ಗೊತ್ತು, 111 = 3×37. ಮುಗೀತು:

12345654321 = 3² × 7² × 11² × 13² × 37²

ಮಹಾವೀರಾಚಾರ್ಯನ ಗುಣಾಕಾರಾನೂ ಈಗ ಅರ್ಥ ಆಗುತ್ತೆ ನೋಡಿ. 441 ಅಂದ್ರೆ 21², ಅಂದ್ರೆ 3 ಮತ್ತೆ 7 ಒಂದು ಕಡೆ. 27994681 ಅಂದ್ರೆ 5291², 5291 = 11×13×37, ಮಿಕ್ಕ ಮೂರು ಇನ್ನೊಂದು ಕಡೆ. ನೋಡೋಕೆ ಒಂದು ಗುರುತೂ ಇಲ್ಲದ ಎರಡು ಸಂಖ್ಯೆ ಗುಣಿಸಿದ್ರೆ ಹಾರ ಬರುತ್ತೆ ಅನ್ನೋದು ಓದುಗನಿಗೆ ಮಜಾ, ಅದಕ್ಕೇ ಸುಮ್ನೆ 111111 × 111111 ಅಂತ ಕೊಡದೆ ಹಿಂಗೆ ಮರೆಮಾಚಿ ಕೊಟ್ಟಿದಾನೆ ಅಂತ ನಂಗನ್ಸುತ್ತೆ. ಅದೇ ಗ್ರಂಥದಲ್ಲಿ 152207 × 73 = 11111111 ಅನ್ನೋದೂ ಇದೆ, 12345679 × 9 = 111111111 ಅನ್ನೋದೂ ಇದೆ, ಎಲ್ಲ ಇದೇ ಜಾತಿ.

ಹೆಜ್ಜೆ 4: ಹಾರ ಯಾಕೆ ಬಂತು

ಇದು ಬೇಗ ಮುಗಿಯೋ ವಿಷಯ. 111111ನ 111111ರಿಂದ ಶಾಲೇಲಿ ಮಾಡ್ದಂಗೆ ಗುಣಿಸಿ, ಒಂದೊಂದು ಸ್ಥಾನ ಜರುಗಿಸ್ಕೊಂಡು ಆರು ಸಾಲು ಒಂದುಗಳನ್ನ ಬರೀತೀರಿ, ಕಂಬಸಾಲಲ್ಲಿ ಕೂಡಿದ್ರೆ 1, 2, 3, 4, 5, 6, ಮತ್ತೆ ಇಳಿಕೆ. ಎಲ್ಲೂ ಮೊತ್ತ 9 ದಾಟಲ್ಲ ಅಂದ್ರೆ ಕೈಲಿ ಏನೂ ಉಳಿಯಲ್ಲ, ಅಷ್ಟೇ ಗುಟ್ಟು. ಒಂಬತ್ತು ಒಂದುಗಳವರೆಗೂ ಇದು ನಡೆಯುತ್ತೆ, ಹತ್ತು ಒಂದುಗಳಾದ್ರೆ ಮಧ್ಯದ ಕಂಬಸಾಲಲ್ಲಿ 10 ಬಂದು ಕೈಲಿ ಉಳಿದು ಹಾರ ಹರ್ದೋಗುತ್ತೆ, 1234567900987654321 ಬರುತ್ತೆ. ಫಾರ್ವರ್ಡಲ್ಲಿ ಒಂಬತ್ತಕ್ಕೇ ನಿಲ್ಲಿಸಿರ್ತಾರೆ, ಕಾರಣ ಇದೇ. ಇನ್ನೊಂದು ಮಾತು, ಇದು ಹತ್ತರ ಪದ್ಧತಿಯದ್ದೊಂದೇ ಆಟ ಅಲ್ಲ. ಏಳರ ಪದ್ಧತಿಲಿ ಬರೆದ್ರೂ, ಹದಿನಾರರ ಪದ್ಧತಿಲಿ ಬರೆದ್ರೂ "111111"ರ ವರ್ಗ "12345654321" ಅಂತಲೇ ಬರುತ್ತೆ, ಬೆಲೆ ಬೇರೆ, ಬರಹ ಅದೇ. ಆರನ್ನ ಒಂದೇ ಅಂಕಿಲಿ ಬರೆಯೋಕಾದ್ರೆ ಸಾಕು.

ಹೆಜ್ಜೆ 5: ಭಾಜಕಗಳು ಎಷ್ಟು

ಈ ಸಂಖ್ಯೆನ ಶೇಷ ಇಲ್ದೆ ಭಾಗಿಸೋವು ಎಷ್ಟಿವೆ? ಒಂದೊಂದೇ ಹುಡುಕ್ತಾ ಕೂತ್ರೆ ವಾರ ಹಿಡಿಯುತ್ತೆ. ಹಂಗೆ ಮಾಡ್ಬೇಡಿ. ಒಂದು ಭಾಜಕ ಕಟ್ಟೋವಾಗ 3ನ ಸೊನ್ನೆ ಸಲ, ಒಂದ್ಸಲ ಅಥವಾ ಎರಡು ಸಲ ತಗೋಬೋದು, ಮೂರು ಆಯ್ಕೆ. 7ಕ್ಕೂ ಮೂರು, ಹಿಂಗೆ ಐದಕ್ಕೂ ಮೂರು ಮೂರು. 3×3×3×3×3 = 243. ಇದು ಬೆಸ ಸಂಖ್ಯೆ ಅಲ್ವಾ, ಸಾಮಾನ್ಯವಾಗಿ ಭಾಜಕಗಳು ಜೋಡಿ ಜೋಡಿಯಾಗಿ ಬರ್ತವೆ, 9 ಇದ್ರೆ ಅದರ ಜೋಡಿ 1371739369, ಆದ್ರೆ ವರ್ಗಸಂಖ್ಯೆಲಿ ವರ್ಗಮೂಲಕ್ಕೆ ಅದೇ ಜೋಡಿ, 111111 ಒಂಟಿ. ಯಾವುದಾದ್ರೂ ಸಂಖ್ಯೆಗೆ ಭಾಜಕಗಳ ಲೆಕ್ಕ ಬೆಸ ಬಂತು ಅಂದ್ರೆ ಅದು ವರ್ಗ, ಇಲ್ಲಾಂದ್ರೆ ಅಲ್ಲ.

ಹೆಜ್ಜೆ 6: ಭಾಜಕಗಳ ಮೊತ್ತ, ಇಲ್ಲಿ ನಿಧಾನ ಮಾಡಿ

ನಂಗೆ ಇಡೀ ಸಂಖ್ಯೆಲಿ ಇಷ್ಟ ಆಗೋ ಭಾಗ ಇದು. 243 ಭಾಜಕಗಳನ್ನೂ ಕೂಡ್ಬೇಕು. ಪ್ರತಿ ಅವಿಭಾಜ್ಯಕ್ಕೆ ಒಂದು ಬ್ರಾಕೆಟ್ ಮಾಡಿ, ಒಳಗೆ 1, ಅದು, ಅದರ ವರ್ಗ:

3ಕ್ಕೆ 1 + 3 + 9 = 13
7ಕ್ಕೆ 1 + 7 + 49 = 57
11ಕ್ಕೆ 1 + 11 + 121 = 133
13ಕ್ಕೆ 1 + 13 + 169 = 183
37ಕ್ಕೆ 1 + 37 + 1369 = 1407

ಇವೈದನ್ನೂ ಗುಣಿಸಿದ್ರೆ ಎಲ್ಲ ಭಾಜಕಗಳ ಮೊತ್ತ ಬರುತ್ತೆ, ಯಾಕಂದ್ರೆ ಬ್ರಾಕೆಟ್ ಬಿಡಿಸಿದ್ರೆ ಪ್ರತಿ ಭಾಜಕವೂ ಸರಿಯಾಗಿ ಒಂದೊಂದ್ಸಲ ಬರುತ್ತೆ. ಉತ್ತರ 25375524993. ಇದರಿಂದ ಸಂಖ್ಯೆನೇ ಕಳೆದ್ರೆ, ಅಂದ್ರೆ ತನ್ನನ್ನ ಬಿಟ್ಟು ಮಿಕ್ಕ 242 ಭಾಜಕಗಳ ಮೊತ್ತ, 13029870672. ಸಂಖ್ಯೆಗಿಂತ ಜಾಸ್ತಿ!

ಇದ್ರಲ್ಲೇನು ವಿಶೇಷ ಅಂದ್ರೆ, ತನ್ನನ್ನ ಬಿಟ್ಟು ಮಿಕ್ಕ ಭಾಜಕಗಳ ಮೊತ್ತ ತನಗಿಂತ ಜಾಸ್ತಿ ಇರೋ ಸಂಖ್ಯೆಗಳು ಸಮಸಂಖ್ಯೆಗಳಲ್ಲಿ ಬೇಕಾದಷ್ಟಿವೆ, 12, 18, 20 ಹಿಂಗೆ, ಬೆಸದಲ್ಲಿ ಅಪರೂಪ. ಮೊದಲನೇದೇ 945. 5ರಿಂದಾನೂ ಭಾಗ ಹೋಗ್ಬಾರ್ದು ಅಂದ್ರೆ ಮೊದಲನೇದು 81081, ಅದು 81×1001, ನಮ್ ಸಂಖ್ಯೆಯ ನೆಂಟನೇ. 2 ಇಲ್ಲ, 5 ಇಲ್ಲ, ಆದ್ರೂ ಹೆಚ್ಚಾಗಿದೆ ಅಂದ್ರೆ ಆ ಕೆಲಸ ಬಹುಪಾಲು ಮಾಡ್ತಿರೋದು 3, 7, 11, 13ರ ಗುಂಪು.

ಈಗ ಒಂದು ಕೆಲಸ ಮಾಡಿ, ಐದನೇ ಬ್ರಾಕೆಟ್ ಬಿಟ್ಟು ಮೊದಲ ನಾಲ್ಕಕ್ಕೇ ನಿಲ್ಲಿಸಿ. ಆಗ ಸಂಖ್ಯೆ 3003ರ ವರ್ಗ, 9018009. ಅದರ ಎಲ್ಲ ಭಾಜಕಗಳ ಮೊತ್ತ 13×57×133×183 = 18035199. ಸಂಖ್ಯೆಯ ಎರಡರಷ್ಟು ಎಷ್ಟು? 18036018. ವ್ಯತ್ಯಾಸ ಬರೀ 819! ಮೊತ್ತ ಸರಿಯಾಗಿ ಎರಡರಷ್ಟು ಬಂದಿದ್ರೆ ಅದನ್ನ ಪರಿಪೂರ್ಣ ಸಂಖ್ಯೆ ಅಂತಾರೆ, 6, 28 ಥರ. ಬೆಸ ಪರಿಪೂರ್ಣ ಸಂಖ್ಯೆ ಒಂದೂ ಇವತ್ತಿನವರೆಗೆ ಸಿಕ್ಕಿಲ್ಲ, ಇಲ್ವೇ ಇಲ್ಲ ಅಂತ ಸಾಧಿಸೋಕೂ ಯಾರಿಗೂ ಆಗಿಲ್ಲ, ಇದ್ರೆ 1500 ಅಂಕಿಗಿಂತ ದೊಡ್ಡದಿರ್ಬೇಕು ಅಂತ ಮಾತ್ರ ಗೊತ್ತಿದೆ. ಅಂಥ ಕಡೆ ನಾವು ಕೂದಲೆಳೆ ಅಂತರದಲ್ಲಿ ನಿಂತಿದೀವಿ.

ಇದೇ ಕೂದಲೆಳೆ ಫ್ರಾನ್ಸಿನ ದೆಕಾರ್ತ್‌ಗೂ ಕಂಡಿತ್ತು. 1638ರಲ್ಲಿ ಪ್ಯಾರಿಸ್‌ನ ಗಣಿತಜ್ಞ ಮೆರ್ಸೆನ್‌ಗೆ ಬರೆದ ಕಾಗದದಲ್ಲಿ ಆತ ಇದೇ 3²×7²×11²×13² ತಗೊಂಡು ಪಕ್ಕಕ್ಕೆ 22021 ಸೇರಿಸ್ದ. 22021 ಅವಿಭಾಜ್ಯ ಅಂತ ಇಟ್ಕೊಂಡ್ರೆ ಅದರ ಬ್ರಾಕೆಟ್ 1 + 22021 = 22022, ಒಂದೇ ಸಲ ಇರೋದ್ರಿಂದ ಇಲ್ಲಿ ವರ್ಗ ಬರಲ್ಲ. ಈಗ ಅಂಗಡಿ ಕ್ಯಾಲ್ಕುಲೇಟರ್ ತಗೊಳ್ಳಿ: 9018009 × 22021 = 198585576189. ಮತ್ತೆ 18035199 × 22022 = 397171152378. ಎರಡನೇದು ಮೊದಲನೇದರ ಸರಿಯಾಗಿ ಎರಡರಷ್ಟು, ಒಂದೂ ಹೆಚ್ಚಿಲ್ಲ ಕಮ್ಮಿ ಇಲ್ಲ, ಎರಡೂ ಸರಿಯಾಗಿ 12 ಅಂಕಿ. ಬೆಸ ಪರಿಪೂರ್ಣ ಸಂಖ್ಯೆ ಸಿಕ್ಕೇಬಿಡ್ತಾ? ಇಲ್ಲ, 22021 ಅವಿಭಾಜ್ಯ ಅಲ್ಲ, ಅದು 19² × 61. ಅದು ಅವಿಭಾಜ್ಯ ಆಗಿದ್ದಿದ್ರೆ ಅನ್ನೋದ್ರ ಮೇಲೇ ಎಲ್ಲ ನಿಂತಿತ್ತು.

ಅಂದ್ರೆ ಮಾನ್ಯಖೇಟದ ಸಂಖ್ಯೆಗೂ ಪ್ಯಾರಿಸ್‌ಗೆ ಹೋದ ಕಾಗದದ ಸಂಖ್ಯೆಗೂ ಒಡಲು ಒಂದೇ, 9018009. ಬಾಲ ಬೇರೆ, ಒಂದಕ್ಕೆ 37², ಇನ್ನೊಂದಕ್ಕೆ 22021. ಒಬ್ಬರದ್ದು ಇನ್ನೊಬ್ಬರಿಗೆ ಹೋಯ್ತು ಅಂತ ಕತೆ ಕಟ್ಬೇಡಿ ದಯವಿಟ್ಟು, ಇಬ್ಬರೂ ಹುಡುಕ್ತಿದ್ದದ್ದೇ ಬೇರೆ. ಒಬ್ಬನಿಗೆ ಹಾರ ಬೇಕಿತ್ತು, ಇನ್ನೊಬ್ಬನಿಗೆ ಭಾಜಕಗಳ ಮೊತ್ತ. ಸಣ್ಣ ಅವಿಭಾಜ್ಯಗಳು ಸೇರಿ 1001 ಆಗೋದು ಇಬ್ಬರಿಗೂ ಕೆಲಸಕ್ಕೆ ಬಂತು, ಅಷ್ಟೇ. 37² ಬಾಲ ಹಾಕಿದ್ರೆ ಮಾತ್ರ ಅಳತೆ ಮೀರುತ್ತೆ: ಬೇಕಾಗಿದ್ದದ್ದು 22021ಕ್ಕೆ ಒಂದರಷ್ಟು ತಳ್ಳು, 37² ತಳ್ಳೋದು 1369ಕ್ಕೆ 38ರಷ್ಟು, ಅದಕ್ಕೇ ಎರಡರಷ್ಟನ್ನ ದಾಟಿ 2.055 ಪಟ್ಟಿಗೆ ಹೋಗಿ ನಿಲ್ಲುತ್ತೆ.

ಹೆಜ್ಜೆ 7: ಜೊತೆಗೆ ಸಾಮಾನ್ಯ ಅಪವರ್ತನ ಇಲ್ದೋರು

1ರಿಂದ ಈ ಸಂಖ್ಯೆವರೆಗೆ ಇದರ ಜೊತೆ 1 ಬಿಟ್ಟು ಬೇರೆ ಯಾವ ಭಾಜಕವನ್ನೂ ಹಂಚ್ಕೊಳ್ಳದ ಸಂಖ್ಯೆಗಳು ಎಷ್ಟು? ಪ್ರತಿ ಅವಿಭಾಜ್ಯದಿಂದ ಒಂದು ಕಳೆದು ಗುಣಿಸಿ, 2×6×10×12×36 = 51840, ಅದನ್ನ 111111ರಿಂದ ಗುಣಿಸಿ, 5759994240. ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಗುಪ್ತಲಿಪಿ ಓದೋರಿಗೆ ಇದು ಕೆಲಸಕ್ಕೆ ಬರುತ್ತೆ, ನಾವು ಮುಂದಕ್ಕೆ ಹೋಗಣ.

ಹೆಜ್ಜೆ 8: ಎರಡು ವರ್ಗಗಳ ಮೊತ್ತವಾಗಿ ಬರೆಯೋದು

ಮೊದಲು ಅವಿಭಾಜ್ಯಗಳನ್ನ 4ರಿಂದ ಭಾಗಿಸಿ ಶೇಷ ನೋಡಿ. 3, 7, 11ಕ್ಕೆ ಶೇಷ 3, ಇವು ಎರಡು ವರ್ಗಗಳ ಮೊತ್ತ ಆಗೋಕೆ ಒಪ್ಪಲ್ಲ, ಆದ್ರೆ ಇಲ್ಲಿ ಘಾತ 2 ಇರೋದ್ರಿಂದ ಅಡ್ಡಿ ಇಲ್ಲ, ಮೂರನ್ನೂ ಗುಣಿಸಿ 231 ಅಂತ ಪಕ್ಕಕ್ಕಿಡಿ. 13, 37ಕ್ಕೆ ಶೇಷ 1, ಇವು ಒಪ್ಪೋರು: 13 = 2² + 3², 37 = 1² + 6².

ಎರಡನ್ನ ಬೆಸೆಯೋಕೆ ಬ್ರಹ್ಮಗುಪ್ತನ ಸೂತ್ರ ಇದೆ, 7ನೇ ಶತಮಾನದ್ದು. 13×37 = 481, ಅದು 16² + 15² ಕೂಡ ಹೌದು, 20² + 9² ಕೂಡ ಹೌದು. ಇಲ್ಲಿಂದ ಲಂಬಕೋನ ತ್ರಿಭುಜ ಕಟ್ಟಿ, ವರ್ಗಗಳ ವ್ಯತ್ಯಾಸ ಒಂದು ಬಾಹು, ಎರಡರ ಗುಣಲಬ್ಧದ ಡಬಲ್ ಇನ್ನೊಂದು ಬಾಹು. 16, 15ರಿಂದ 31 ಮತ್ತು 480. 20, 9ರಿಂದ 319 ಮತ್ತು 360. ಇನ್ನೆರಡು ನಮ್ಗೆ ಗೊತ್ತಿರೋ 5-12-13ನ 37ರಿಂದ, 12-35-37ನ 13ರಿಂದ ದೊಡ್ಡದು ಮಾಡಿದ್ರೆ ಸಿಗ್ತವೆ: 185-444, 156-455. ನಾಲ್ಕಕ್ಕೂ ಕರ್ಣ 481. ಎಲ್ಲವನ್ನೂ 231ರಿಂದ ಗುಣಿಸಿ:

7161² + 110880²
73689² + 83160²
42735² + 102564²
36036² + 105105²

ನಾಲ್ಕೂ 12345654321. ಒಂದನ್ನಾದ್ರೂ ಪೂರ್ತಿ ಮಾಡಿ ನೋಡಿ: 7161² = 51279921, 110880² = 12294374400, ಕೂಡಿದ್ರೆ ಹಾರ. ಸೊನ್ನೆಯ ವರ್ಗ ಸೇರಿಸ್ಕೊಂಡ ಸಪ್ಪೆ ಉತ್ತರ ಬಿಟ್ರೆ ಈ ನಾಲ್ಕೇ ದಾರಿ, ಐದನೇದಿಲ್ಲ. ಕೊನೇ ಸಾಲಿನ 36036, 105105 ನೋಡೋಕೂ ಚಂದ, ಯಾಕೆ ಅಂದ್ರೆ ಎರಡರಲ್ಲೂ 1001 ಕೂತಿದೆ, 36×1001, 105×1001.

ಹೆಜ್ಜೆ 9: 1ನ ಇದರಿಂದ ಭಾಗಿಸಿದ್ರೆ

ದಶಮಾಂಶ ಎಷ್ಟು ಅಂಕಿ ಆದ್ಮೇಲೆ ಮರುಕಳಿಸುತ್ತೆ? 1ನ 111111ರಿಂದ ಭಾಗಿಸಿದ್ರೆ ಆರೇ ಅಂಕಿ, 0.000009000009 ಹಿಂಗೆ. ಅದರ ವರ್ಗಕ್ಕೆ? ಒಂದೊಂದು ಅವಿಭಾಜ್ಯದ ವರ್ಗಕ್ಕೆ ಬೇರೆ ಬೇರೆ ನೋಡಿ: 9ಕ್ಕೆ 1, 49ಕ್ಕೆ 42, 121ಕ್ಕೆ 22, 169ಕ್ಕೆ 78, 1369ಕ್ಕೆ 111. ಇವುಗಳ ಲಸಾಅ ತಗೊಳ್ಳಿ, 222222. ಅಂದ್ರೆ ಎರಡು ಲಕ್ಷದ ಇಪ್ಪತ್ತೆರಡು ಸಾವಿರ ಚಿಲ್ಲರೆ ಅಂಕಿ ಆದ್ಮೇಲೆ ಮತ್ತೆ ಮೊದಲಿಂದ ಶುರು. ಒಂದುಗಳಿಂದ ಕಟ್ಟಿದ ಸಂಖ್ಯೆಗೆ ಎರಡುಗಳ ಅವಧಿ, ಇದು ಜಾದೂ ಅಲ್ಲ, 37037ನ 6ರಿಂದ ಗುಣಿಸಿದ್ರೆ ಹಂಗೇ ಬರ್ಬೇಕು, ಆದ್ರೂ ಮೊದಲನೇ ಸಲ ಲಸಾಅ ಮಾಡ್ದಾಗ ಪೆನ್ನು ಕೆಳಗಿಡಂಗಾಗುತ್ತೆ.

ಹೆಜ್ಜೆ 10: ಕಂಪ್ಯೂಟರಲ್ಲಿ ತಾಳೆ ನೋಡೋದು

ಲಿನಕ್ಸ್ ಇದ್ರೆ ಟರ್ಮಿನಲಲ್ಲಿ ಫ್ಯಾಕ್ಟರ್ ಅನ್ನೋ ಕಮಾಂಡ್ ಕೊಟ್ಟು ಮುಂದೆ ಸಂಖ್ಯೆ ಹಾಕಿ, 3 3 7 7 11 11 13 13 37 37 ಅಂತ ಕಣ್ಣು ಮಿಟುಕಿಸೋದ್ರೊಳಗೆ ಬರುತ್ತೆ. ಪೈಥಾನಲ್ಲಿ ಯಾವ ತಕರಾರೂ ಇಲ್ಲ. ಆದ್ರೆ ಜಾವಾದಲ್ಲಿ ಇಂಟ್ (ಪೂರ್ಣಸಂಖ್ಯೆ ಇಡೋ 32 ಬಿಟ್ ಜಾಗ) ಅಂತ ಇಟ್ಕೊಂಡು 111111ನ 111111ರಿಂದ ಗುಣಿಸಿದ್ರೆ ಹಾರದ ಬದ್ಲು −539247567 ಬರುತ್ತೆ, ಋಣ ಸಂಖ್ಯೆ! ನಮ್ ಸಂಖ್ಯೆಗೆ 34 ಬಿಟ್ ಬೇಕು, ಇಂಟಲ್ಲಿರೋದು 32, ಮೇಲಿನ ಬಿಟ್‌ಗಳು ಕತ್ತರಿಸಿಹೋಗ್ತವೆ, ಉಳಿದದ್ದನ್ನ ಅದು ಋಣ ಅಂತ ಓದುತ್ತೆ. ಎರರ್ ಕೂಡ ತೋರಿಸಲ್ಲ, ಅದೇ ಅಪಾಯ. 64 ಬಿಟ್ ಇರೋ ಲಾಂಗ್ ಬಳಸಿ, ಸರಿ ಹೋಗುತ್ತೆ. ಹೊಸಬರಿಗೆ ಓವರ್‌ಫ್ಲೋ, ಅಂದ್ರೆ ಹಿಂಗೆ ಜಾಗ ಸಾಲದೆ ಉತ್ತರ ಕೆಡೋದನ್ನ, ಹೇಳ್ಕೊಡೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಗೊತ್ತಿಲ್ಲ, ಸರಿ ಉತ್ತರ ಹೆಂಗಿರ್ಬೇಕು ಅಂತ ನೋಡಿದ್ ತಕ್ಷಣ ಗೊತ್ತಾಗುತ್ತಲ್ಲ.

ಕೈ ಪಳಗಿಸ್ಕೊಬೇಕು ಅಂದ್ರೆ ಮಹಾವೀರಾಚಾರ್ಯಂದೇ ಇನ್ನೊಂದು ಹಾರ ತಗೊಳ್ಳಿ, 11011011 × 91 = 1002002001. ಮೂರಂಕಿ ತುಂಡು ಮಾಡಿ, ಕೂಡಿ ಕಳೀರಿ, 1 − 2 + 2 − 1, ಮತ್ತೆ ಸೊನ್ನೆ, ಮತ್ತೆ 1001. ಇದು ಮಾತ್ರ ವರ್ಗ ಅಲ್ಲ, ಭಾಜಕಗಳ ಲೆಕ್ಕ 32 ಬರ್ಬೇಕು. ಕೊನೇಲಿ 333667 ಅಂತ ಒಂದು ಉಳ್ಕೊಳ್ಳುತ್ತೆ, ಅದು ಅವಿಭಾಜ್ಯ. ಕೈಲೇ ಖಾತ್ರಿ ಮಾಡ್ಕೊಬೇಕಂದ್ರೆ 577ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡ್ಬೇಕು, ಅಲ್ಲಿ ಮಾತ್ರ ನಾಚಿಕೆ ಬಿಟ್ಟು ಕಂಪ್ಯೂಟರ್ ಕೇಳಿ.